ಕತ್ತರಿಯಕ್ಕನ ಹೊಟ್ಟೆಕಿಚ್ಚು

ಅವಳನ್ನು ಬೀದಿಯವರೆಲ್ಲ ಕತ್ತರಿಯಕ್ಕ ಎಂದು ಕರೆಯುತ್ತಿದ್ದುದಕ್ಕೆ ಎರಡು ಕಾರಣಗಳಿದ್ದವು. ಒಂದು ಅವಳ ಕೈಯಲ್ಲಿದ್ದದ್ದು, ಇನ್ನೊಂದು ಬಾಯಲ್ಲಿದ್ದದ್ದು. ಕೈಯಲ್ಲಿದ್ದದ್ದು ಅಪ್ಪ ಬಿಟ್ಟುಹೋದ ಭಾರದ ಕಬ್ಬಿಣದ ಕತ್ತರಿ; ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಬಾಯಲ್ಲಿದ್ದದ್ದರ ತಂಟೆಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. "ಇನ್ನೂ ಆಗ್ಲಿಲ್ವಾ?" ಎಂದು ಕೇಳಿದ ಗಿರಾಕಿಗೆ "ಆಗಿತ್ತು, ನೀವು ಕೇಳೋ ರೀತಿ ನೋಡಿ ಮತ್ತೆ ಬಿಚ್ಚಿಟ್ಟೆ" ಎನ್ನುವ ಹೆಂಗಸು. ಅಂಥವಳನ್ನೂ ಜನ ಸಹಿಸಿಕೊಂಡಿದ್ದರೆಂದರೆ ಅದು ಅವಳ ತಂಗಿಯ ಹೊಲಿಗೆಯ ಪುಣ್ಯ.

ಅಕ್ಕ ಕತ್ತರಿಸುವುದು, ತಂಗಿ ಹೊಲಿಯುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಕೆಳಗೆ ಕಾಲಿನಲ್ಲಿ ತುಳಿಯುವ ಹಳೆಯ ಮಷೀನು, ಅದರ ಎದುರಿಗೆ ಎರಡು ಸ್ಟ್ಯಾಂಡುಗಳ ಮೇಲೆ ಮಲಗಿಸಿದ ಹಳೆಯ ಬಾಗಿಲು. ಆ ಬಾಗಿಲೇ ಬಟ್ಟೆ ಕತ್ತರಿಸುವ ಮೇಜು. ಅವ್ವ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು. ಅಪ್ಪ ಮೇಲೆ ಬಟ್ಟೆ ಕತ್ತರಿಸುತ್ತಿದ್ದರೆ ಅವಳು ಆ ಬಾಗಿಲ ಕೆಳಗೆ ಚೂರುಬಟ್ಟೆಗಳ ರಾಶಿಯಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದಳು. ಅವಳನ್ನು ಎಬ್ಬಿಸಿ, ತೊಳೆದು, ಉಣ್ಣಿಸಿ, ಶಾಲೆಗೆ ಅಟ್ಟುತ್ತಿದ್ದವಳು ಅಕ್ಕ. ಅಪ್ಪನೂ ಹೋದ ಮೇಲೆ ಅಕ್ಕನಿಗೆ ಒಂದೆರಡು ಸಂಬಂಧ ಬಂದವು. "ನಾನು ಹೋದ್ರೆ ಇವಳಿಗೆ ಊಟ ಹಾಕೋರ್ಯಾರು, ನೀವು ಹಾಕ್ತೀರಾ?" ಎಂದು ಬಂದವರ ಮುಖಕ್ಕೇ ಕೇಳಿದಳು. ಅವರು ಕುಡಿಯುತ್ತಿದ್ದ ಲೋಟ ಕೆಳಗಿಟ್ಟು ಎದ್ದುಹೋದರು. ಅದಾದ ಮೇಲೆ ಯಾರೂ ಆ ಕಡೆ ತಲೆ ಹಾಕಲಿಲ್ಲ.

ಅವರಿಬ್ಬರ ಕೆಲಸದ ರೀತಿಯೇ ಬೇರೆ. ಅಕ್ಕ ಸೀಮೆಸುಣ್ಣದಲ್ಲಿ ಗೀಟೆಳೆಯುತ್ತಿರಲಿಲ್ಲ. ಕಣ್ಣಳತೆಯಲ್ಲಿ ಕತ್ತರಿಸಿ ಬಟ್ಟೆಯನ್ನು ಮಷೀನಿನ ಕಡೆಗೆ ತಳ್ಳಿದರೆ, ಎಲ್ಲಿ ಮಡಿಸಬೇಕು, ಎಲ್ಲಿ ನೆರಿಗೆ ಹಿಡಿಯಬೇಕು ಎಂದು ತಂಗಿಗೆ ಕೇಳದೆಯೇ ತಿಳಿಯುತ್ತಿತ್ತು. ಬೇರೆ ಟೇಲರುಗಳು ಒಳಹೊಲಿಗೆಗೆಂದು ಒಂದು ಬೆರಳು ಬಟ್ಟೆ ಬಿಟ್ಟರೆ ಕತ್ತರಿಯಕ್ಕ ಅದರಲ್ಲಿ ಅರ್ಧವನ್ನೂ ಬಿಡುತ್ತಿರಲಿಲ್ಲ, ಏಕೆಂದರೆ ತಂಗಿ ಹಿಡಿಯುವ ಹೊಲಿಗೆ ಅಷ್ಟು ಸಣ್ಣದು. ದಿನವಿಡೀ ಇಬ್ಬರ ನಡುವೆ ನಾಲ್ಕು ಮಾತು ನಡೆದರೆ ಹೆಚ್ಚು. ಕತ್ತರಿಯಕ್ಕನ ಪಾಲಿಗೆ ಸುಖವೆಂದರೆ ಅದೇ, ಅದಕ್ಕಿಂತ ಹೆಚ್ಚಿನದು ಇದೆಯೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ತಂಗಿಗೆ ಮದುವೆಯಾಯಿತು, ಗಂಡ ಲಾರಿ ಡ್ರೈವರು. ಮದುವೆಯಾದ ಮೇಲೂ ಅವಳು ಹಗಲು ಹೊತ್ತು ಅಂಗಡಿಗೆ ಬಂದು ಹೊಲಿದು ಹೋಗುತ್ತಿದ್ದಳು. ಒಂದು ದಿನ ಲಾರಿಯ ಜೊತೆ ಹೋದವನು, ಲಾರಿ ವಾಪಸು ಬಂದರೂ ತಾನು ಬರಲಿಲ್ಲ. ತಂಗಿ ಕಂಕುಳಲ್ಲಿ ಹೆಣ್ಣುಮಗುವನ್ನು ಎತ್ತಿಕೊಂಡು ಅಕ್ಕನ ಮನೆಗೆ ಮರಳಿದಳು. ನಿಜ ಹೇಳಬೇಕೆಂದರೆ ಅಂದು ಕತ್ತರಿಯಕ್ಕನಿಗೆ ಆದದ್ದು ದುಃಖವಲ್ಲ. ತಂಗಿಯ ಗಂಡನಿಗೆ ಬಾಯ್ತುಂಬ ಶಾಪ ಹಾಕುತ್ತಲೇ ಮಷೀನಿಗೆ ಎಣ್ಣೆ ಬಿಟ್ಟು, ಪಟ್ಟಿ ಬಿಗಿಮಾಡಿ, ಸ್ಟೂಲಿನ ಮೇಲೆ ಹೊಸ ದಿಂಬು ಹಾಕಿದಳು.

ಮಗು ಎರಡು ವರ್ಷ ತುಂಬುವ ಮೊದಲೇ ಜ್ವರದಲ್ಲಿ ಹೋಯಿತು.

ಕತ್ತರಿಯಕ್ಕ ಎಲ್ಲವನ್ನೂ ತಾನೇ ನಿಂತು ಮಾಡಿದಳು. ಆಸ್ಪತ್ರೆಯಿಂದ ತಂದಳು, ಮಣ್ಣು ಮಾಡಿಸಿದಳು, ಮಗುವಿನ ಬಟ್ಟೆಗಳನ್ನು ಒಗೆದು ಟ್ರಂಕಿನಲ್ಲಿಟ್ಟಳು. ತಂಗಿಯ ಮುಖ ಕದಲಿದರೆ ಸಾಕು, "ಅಳ್ಬೇಡ. ಅತ್ರೆ ಬರುತ್ತಾ? ಏಳು, ಯೂನಿಫಾರಂ ಆರ್ಡರ್ ಇದೆ" ಎನ್ನುವಳು. ಅವ್ವ ಸತ್ತಾಗ ತನಗೆ ತಾನೇ ಹೇಳಿಕೊಂಡಿದ್ದ ಮಾತು ಅದು. ಬೇರೆ ಮಾತು ಅವಳಿಗೆ ಗೊತ್ತೂ ಇರಲಿಲ್ಲ. ತಂಗಿ ಎದ್ದಳು, ಹೊಲಿದಳು, ಅಳಲಿಲ್ಲ. ಹೀಗೇ ತಿಂಗಳುಗಳು ಉರುಳಿದವು.

ಆಗ ಬಂದಳು ದೊಡ್ಡಕ್ಕ. ಹಿಂದಿನ ಬೀದಿಯ ಕೊನೆಯಲ್ಲಿ, ಮೊದಲು ಪೀಪಾಯಿ ಗೋದಾಮಾಗಿದ್ದ ಕಟ್ಟಡದಲ್ಲಿ ಒಂದು ಪ್ರಾರ್ಥನಾ ಮನೆ ತೆರೆದಿತ್ತು. ಅದರ ಬೋಧಕರ ಹೆಂಡತಿ ಈಕೆ. ಸಣ್ಣಗೆ, ಕಪ್ಪಗೆ, ದಪ್ಪ ಕನ್ನಡಕದವಳು. ಅಲ್ಲಿಗೆ ಹೋಗುವವರೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಕಿಟಕಿಗಳಿಗೆ ಪರದೆ ಹೊಲಿಸಲು ಬಟ್ಟೆಯ ತಾನು ಹೊತ್ತು ಬಂದವಳು, ಅಳತೆ ಹೇಳಿ ಹೋಗುವುದು ಬಿಟ್ಟು, ಮಷೀನಿನ ಪಕ್ಕ ನೆಲದ ಮೇಲೇ ಕೂತಳು. ತಂಗಿಯ ಮುಖವನ್ನೇ ನೋಡುತ್ತ, "ಮಗೂ ಹೆಸರೇನಿತ್ತಮ್ಮ?" ಎಂದು ಕೇಳಿದಳು.

ತಂಗಿ ಹೆಸರು ಹೇಳಿದಳು. ಹೇಳಿದ್ದೇ ತಡ, ಕಟ್ಟೆಯೊಡೆದ ಹಾಗೆ ಅಳು ಬಂತು. ದೊಡ್ಡಕ್ಕನ ಮಡಿಲಲ್ಲಿ ತಲೆಯಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಕತ್ತರಿಯಕ್ಕ ಮೇಜಿನ ಹಿಂದೆ ಕತ್ತರಿ ಹಿಡಿದು ನಿಂತೇ ಇದ್ದಳು. ಪಾಪ ಎನಿಸಬೇಕಾದ ಹೊತ್ತಿನಲ್ಲಿ ಅವಳಿಗೆ ಹೊಟ್ಟೆಯೊಳಗೆ ಭಗ್ ಎಂದಿತು. ತನ್ನೆದುರು ಒಂದು ಹನಿಯೂ ಬಾರದ ಕಣ್ಣೀರು, ಪರದೆ ಬಟ್ಟೆ ತಂದವಳ ಎದುರು ಬಂತಲ್ಲ! ಸಾಕಿದವಳು ನಾನು, ಅಳುವುದಕ್ಕೆ ಅವಳ ಮಡಿಲೇ? ಅಷ್ಟಕ್ಕೂ ನಾನು ಅಕ್ಕನಾದರೆ, ನನಗಿಂತ ದೊಡ್ಡವಳಾಗಲು ಇವಳು ಯಾವ ಸೀಮೆಯ ದೊಡ್ಡಕ್ಕ?

ಪರದೆಗಳನ್ನು ಅವಳು ಗೇಣುದ್ದ ಗಿಡ್ಡ ಕತ್ತರಿಸಿದಳು. ಕೈತಪ್ಪಿ ಅಲ್ಲ.

ತಂಗಿ ಮೊದಲು ಪರದೆ ಕೊಡಲೆಂದು ಹೋದಳು, ಆಮೇಲೆ ಹಾಡು ಕೇಳಲೆಂದು ಹೋದಳು, ಆಮೇಲೆ ಕಾರಣ ಹೇಳುವುದನ್ನೇ ಬಿಟ್ಟಳು. ಒಂದು ಭಾನುವಾರ ದೀಕ್ಷಾಸ್ನಾನವೆಂದು ನೀರಿನಲ್ಲಿ ಮುಳುಗಿ ಎದ್ದು, ಒದ್ದೆ ತಲೆಯಲ್ಲಿ ಮನೆಗೆ ಬಂದು, "ಅಕ್ಕ, ನಾನು ಅವರ ಜೊತೆ ಸೇರ್ಕೊಂಡೆ" ಎಂದಳು. ದೇವರ ವಿಷಯದಲ್ಲಿ ಕತ್ತರಿಯಕ್ಕನಿಗೆ ಅಂಥ ತಕರಾರೇನೂ ಇರಲಿಲ್ಲ. ಮನೆಯ ಗೂಡಿನಲ್ಲಿದ್ದ ದೇವರಿಗೆ ದೀಪ ಹಚ್ಚುವುದನ್ನು ವಾರಕ್ಕೆ ನಾಲ್ಕು ದಿನ ಮರೆಯುವವಳೇ. "ಸೇರ್ಕೋ. ತಲೆ ಒರೆಸ್ಕೋ, ನೆಗಡಿ ಆಗುತ್ತೆ" ಎಂದಳಷ್ಟೆ. ಅವಳ ಸಂಕಟ ಇದ್ದದ್ದು ಬೇರೆ ಕಡೆ. ತಂಗಿ ಈಗೀಗ ನಗುತ್ತಿದ್ದಳು. ನಗುತ್ತ ಮನೆಗೆ ಬರುತ್ತಿದ್ದಳು. ಮನೆಯಲ್ಲಿದ್ದು ನಗುತ್ತಿರಲಿಲ್ಲ.

ಅದಾಗಿ ಎಷ್ಟೋ ಕಾಲದ ಮೇಲೆ ಮಷೀನುಗಳು ಬಂದವು. ಹೊರದೇಶದಲ್ಲಿರುವ ಅದೇ ಮತದ ಯಾವುದೋ ಸಭೆಯವರು ಹೆಣ್ಣುಮಕ್ಕಳಿಗೆ ದುಡಿಮೆಯಾಗಲಿ ಎಂದು ದುಡ್ಡು ಕಳಿಸಿದ್ದರಂತೆ. ಮರದ ಪೆಟ್ಟಿಗೆ ಒಡೆದು ತೆಗೆದ ಮೋಟಾರು ಮಷೀನುಗಳು ಪ್ರಾರ್ಥನಾ ಮನೆಯ ಹಿಂದಿನ ಕೋಣೆಯಲ್ಲಿ ಸಾಲಾಗಿ ಕೂತವು. ಪ್ರತಿಯೊಂದರ ಹೊಟ್ಟೆಯ ಮೇಲೂ ಕೈಕುಲುಕುವ ಎರಡು ಕೈಗಳ ಚಿತ್ರ. ಬೋಧಕರು ಅವುಗಳ ಮುಂದೆ ಹೆಂಗಸರನ್ನು ನಿಲ್ಲಿಸಿ ಫೋಟೋ ತೆಗೆದು ಆ ದೇಶಕ್ಕೆ ಕಳಿಸಿದರು. ಬೀದಿಯಲ್ಲಿ ಗುಸುಗುಸು ಆಗಲೇ ಶುರುವಾಗಿತ್ತು. ಆಸೆಗೆ ಹೋದವರು ಇರಲೇ ಇಲ್ಲವೆಂದಲ್ಲ. ಎದುರುಮನೆಯ ಬುಟ್ಟಿ ಹೆಣೆಯುವವಳು ಮಷೀನು ಸಿಗುತ್ತದೆಂದು ಮೂರು ವಾರ ಕಣ್ಣುಮುಚ್ಚಿ ಹಾಡಿದಳು. ಅದು ಇನ್ನೊಬ್ಬಳ ಪಾಲಾದ ದಿನವೇ ಕಣ್ಣು ತೆರೆದು ಮನೆಗೆ ಬಂದು, "ನಮ್ಮ ದೇವರೇ ವಾಸಿ, ಕೊಡ್ತೀನಿ ಅಂತ ಹೇಳಿ ಸುಳ್ಳು ಹೇಳಿಲ್ಲ" ಎಂದಳು.

ತಂಗಿಯನ್ನು ಆ ಹೊಲಿಗೆ ಕೋಣೆಗೆ ಮೇಲ್ವಿಚಾರಕಿ ಮಾಡಿದರು. ಬೆಳಗಿನಿಂದ ಸಂಜೆಯವರೆಗೆ ಕೆಲಸ, ಇರಲು ಪಕ್ಕದಲ್ಲೇ ಒಂದು ರೂಮು. ಕಿಟಕಿಯ ಕೆಳಗಿನ ಕಾಲುಮಷೀನಿಗೆ ಕತ್ತರಿಯಕ್ಕ ಹಳೆಯ ದುಪ್ಪಟಿ ಹೊದಿಸಿದಳು. ಒಂದು ವಾರ ಬಿಟ್ಟು ತೆಗೆದು, ತಾನೇ ಕೂತು ಹೊಲಿಯತೊಡಗಿದಳು.

ಅಲ್ಲಿ ಕೆಟ್ಟಿತು ಕೆಲಸ. ಅವಳ ಹೊಲಿಗೆ ಒರಟು, ಒಂದು ಬೆರಳು ಬಟ್ಟೆ ಬೇಕೇ ಬೇಕು. ಕತ್ತರಿಯೋ, ತಂಗಿಯ ಕೈಗೆಂದು ಕಲಿತ ಕತ್ತರಿ. ಅರ್ಧ ಬೆರಳಿಗಿಂತ ಹೆಚ್ಚು ಬಿಡಲೊಲ್ಲದು. ಹೊಲಿದ ಬಟ್ಟೆಗಳೆಲ್ಲ ಬಿಗಿಯಾದವು. ಶಾಲೆಯ ಮೇಷ್ಟ್ರು ತೋಳೆತ್ತಲಾಗದೆ ನಿಂತು, "ಇದೇನಕ್ಕ, ನಂದಾ ನನ್ನ ಮಗಂದಾ?" ಎಂದರು. "ನೀವು ದಪ್ಪ ಆಗಿದ್ದೀರಿ ಮೇಷ್ಟ್ರೇ, ಮನೇಲಿ ಚೆನ್ನಾಗಿ ನೋಡ್ಕೋತಿರ್ಬೇಕು" ಎಂದು ಸಾಗಹಾಕಿದಳು. ಎಷ್ಟು ಗಿರಾಕಿಗಳಿಗೆ ದಪ್ಪವಾದಿರಿ ಎಂದು ಹೇಳಲಾದೀತು? ಮಾರ್ಜಿನ್ ಜಾಸ್ತಿ ಬಿಟ್ಟು ಕತ್ತರಿಸಿದರೆ ಮುಗಿಯಿತು, ಮಕ್ಕಳಿಗೂ ತಿಳಿಯುವ ವಿಷಯ. ಆದರೆ ಹಾಗೆ ಕತ್ತರಿಸಿದ ದಿನ ತಂಗಿ ಇನ್ನು ಬರುವುದಿಲ್ಲ ಎಂದು ತಾನೇ ಒಪ್ಪಿಕೊಂಡಂತೆ, ಎಂದು ಅವಳಿಗೆ ಅನಿಸುತ್ತಿತ್ತು.

ದಾರ ತರುವ ನೆಪದಲ್ಲಿ ಸುತ್ತು ಬಳಸಿ ಹಿಂದಿನ ಬೀದಿಯಲ್ಲಿ ಹೋಗುವಳು. ಗಿಡ್ಡ ಪರದೆಯ ಕೆಳಗಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ಮೋಟಾರಿನ ಗುಂಯ್ ಶಬ್ದ. ತಂಗಿಯ ಪಕ್ಕ ದೊಡ್ಡಕ್ಕ ಲೋಟ ತಂದಿಡುವಳು, ಹೆಗಲು ತಟ್ಟುವಳು, ಇಬ್ಬರೂ ಏನೋ ಹೇಳಿಕೊಂಡು ನಗುವರು. ಕತ್ತರಿಯಕ್ಕ ದಾರ ತರುವುದನ್ನೂ ಮರೆತು ತಿರುಗುವಳು. ಮನೆಗೆ ಬಂದು ಬಾಗಿಲ ಮೇಜಿನ ಮೇಲೆ ಕತ್ತರಿಯನ್ನು ಕುಕ್ಕಿ, "ಲೋಟ ತಂದಿಡೋಕೆ ನನಗೆ ಬರಲ್ವಾ?" ಎಂದು ಖಾಲಿ ಕೋಣೆಯನ್ನು ಕೇಳುವಳು. ಬರುತ್ತಿತ್ತು, ತಂದಿಟ್ಟಿರಲಿಲ್ಲ.

ಇಂಥ ಹೊತ್ತಿನಲ್ಲಿ ಟಿವಿಯವನು ಬಂದ. ಹೆಗಲಿಗೆ ಚೀಲ, ಕೈಯಲ್ಲಿ ಚಾನೆಲ್ಲಿನ ಗುರುತಿದ್ದ ಮೈಕು, ಹಿಂದೆ ಕ್ಯಾಮೆರಾ ಹೊತ್ತ ಇನ್ನೊಬ್ಬ. ಬೀದಿಯಲ್ಲಿ ಯಾರನ್ನು ಕೇಳಿದರೂ "ಕತ್ತರಿಯಕ್ಕನ್ನ ಕೇಳಿ" ಎಂದಿದ್ದರು.

"ಅಕ್ಕಾ, ನಿಮ್ಮ ತಂಗೀನೂ ಆ ಕಡೆ ಸೇರ್ಕೊಂಡ್ರಂತೆ?"

"ಸೇರ್ಕೊಂಡಿಲ್ಲ. ಸೇರಿಸ್ಕೊಂಡ್ರು."

ಮೈಕಿನವನ ಕಣ್ಣು ಅರಳಿತು. "ಹೇಗೆ ಸೇರಿಸ್ಕೊಂಡ್ರು? ಏನು ಆಸೆ ತೋರಿಸಿದ್ರು?"

"ಮೊದ್ಲು ಅಳೋಕೆ ಬಿಟ್ರು. ಮಗು ಹೋದಾಗ ನಾನು ಅಳ್ಬೇಡ ಅಂದೆ, ಅವ್ರು ಅಳು ಅಂದ್ರು. ಆಮೇಲೆ ಪರದೇಶದ ಮಷೀನು ತರಿಸಿದ್ರು. ಮಷೀನು ಕೊಟ್ಟು ನನ್ನ ತಂಗೀನ ಕಿತ್ಕೊಂಡ್ರು!"

"ಕೊನೇ ಮಾತು ಇನ್ನೊಂದ್ಸಲ ಹೇಳಿ ಅಕ್ಕ. ಗಾಡಿ ಶಬ್ದ ಬಂತು."

ಬೀದಿಯಲ್ಲಿ ಗಾಡಿಯೇನೂ ಹೋಗಿರಲಿಲ್ಲ. ಆದರೂ ಅವಳು ಇನ್ನೊಮ್ಮೆ ಹೇಳಿದಳು, ಮೊದಲಿಗಿಂತ ಜೋರಾಗಿ. ಹೇಳುವಾಗ ಒಳಗೆ ತಂಪಾಗುತ್ತಿತ್ತು. ತನ್ನ ಸಂಕಟವನ್ನು ಇಷ್ಟು ಆಸೆಯಿಂದ ಕೇಳಿದವರು ಅವಳ ಜನ್ಮದಲ್ಲಿ ಯಾರೂ ಇರಲಿಲ್ಲ. ತಂಗಿಯ ಫೋಟೋ ಇದೆಯಾ ಎಂದು ಅವನು ಕೇಳಿದಾಗ ಗೋಡೆಯ ಮೊಳೆಯಿಂದ ತಾನೇ ತೆಗೆದುಕೊಟ್ಟಳು. ಮಷೀನಿನ ಮುಂದೆ ಕೂತ ತಂಗಿ, ಹಿಂದೆ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತ ತಾನು. ನಾವಿಬ್ಬರೂ ಹೇಗಿದ್ದೆವು, ಜಗತ್ತೇ ನೋಡಲಿ, ಎಂದುಕೊಂಡಳು.

ಮರುದಿನ ಸಂಜೆ ಮೂಲೆಯ ಹೋಟೆಲಿನ ಟಿವಿಯಲ್ಲಿ ಜಗತ್ತು ನೋಡಿತು. ಅಳುವಿನ ಮಾತು ಇರಲಿಲ್ಲ, ಮಗುವಿನ ಮಾತು ಇರಲಿಲ್ಲ. "ಮಷೀನು ಕೊಟ್ಟು ನನ್ನ ತಂಗೀನ ಕಿತ್ಕೊಂಡ್ರು" ಎಂಬುದಷ್ಟೇ ಮತ್ತೆ ಮತ್ತೆ, ಹಿಂದೆ ಢಂ ಢಂ ಎಂಬ ಸದ್ದಿನೊಡನೆ. ಕೆಳಗೆ ದಪ್ಪ ಅಕ್ಷರದಲ್ಲಿ: ಮಷೀನಿಗೆ ಮಾರಾಟವಾದ ಮತ! ಫೋಟೋವನ್ನು ತಂಗಿಯ ಮುಖದ ಸುತ್ತ ಕತ್ತರಿಸಿ ಕೆಂಪು ಸುತ್ತು ಹಾಕಿದ್ದರು. ಅಕ್ಕನ ಮುಖ ಹೋಗಿತ್ತು. ತಂಗಿಯ ಹೆಗಲ ಮೇಲಿದ್ದ ಕೈಯೊಂದು ಮಾತ್ರ ಉಳಿದಿತ್ತು. ಅದಕ್ಕೊಂದು ಬಾಣದ ಗುರುತು ಹಾಕಿ ಕೇಳಿದ್ದರು: ತೆರೆಮರೆಯ ಕೈ ಯಾರದು?

"ಅದು ನಂದು ಕಣ್ರೋ! ನನ್ನ ಕೈ!" ಎಂದು ಕತ್ತರಿಯಕ್ಕ ಹೋಟೆಲಿನಲ್ಲಿ ಕೂಗಿದಳು. ಯಾರೋ ಶ್ ಎಂದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಎರಡೇ ದಿನದಲ್ಲಿ ಸರ್ಕಾರಿ ಕಚೇರಿಯವರು ಜೀಪಿನಲ್ಲಿ ಬಂದರು. ಹೊರದೇಶದ ಹಣ ಹೇಗೆ ಬಂತು, ಯಾವುದಕ್ಕೆ ಬಂತು, ವಿಚಾರಣೆಯಾಗಬೇಕು ಎಂದು ಪ್ರಾರ್ಥನಾ ಮನೆಗೂ ಹೊಲಿಗೆ ಕೋಣೆಗೂ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದರು. ಬೋಧಕರು ಎಲ್ಲಕ್ಕೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರ ಕೊಟ್ಟರು. ಅದರಿಂದ ಅನುಮಾನ ಇನ್ನಷ್ಟು ಬಲವಾಯಿತು. ಅಲ್ಲಿ ದುಡಿಯುತ್ತಿದ್ದ ಹೆಂಗಸರು ಅರ್ಧ ಹೊಲಿದ ಬಟ್ಟೆಗಳನ್ನು ಮಷೀನಿನ ಸೂಜಿಯಲ್ಲೇ ಬಿಟ್ಟು ಹೊರಗೆ ಬರಬೇಕಾಯಿತು.

ಅಂದು ತಂಗಿ ಬಂದಳು. ಬಾಗಿಲಲ್ಲೇ ನಿಂತಳು.

"ಆ ಫೋಟೋ ನೀನು ಕೊಟ್ಟೆಯಾ ಅಕ್ಕ?"

"ಕೊಟ್ಟೆ."

"ಯಾಕೆ?"

"ಅದ್ರಲ್ಲಿ ನಾನೂ ಇದ್ನಲ್ಲ."

"ಮಷೀನು ಬರೋಕೆ ಎಷ್ಟೋ ಮೊದ್ಲೇ ನಾನು ಅಲ್ಲಿಗೆ ಹೋಗ್ತಿದ್ದೆ. ನಿನಗದು ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

ಕತ್ತರಿಯಕ್ಕನ ಬಾಯಿ, ಇಡೀ ಬೀದಿ ಹೆದರುತ್ತಿದ್ದ ಬಾಯಿ, ತೆರೆಯಲಿಲ್ಲ. ಹೊಟ್ಟೆಕಿಚ್ಚು ಎಂದು ಹೇಳಬೇಕಿತ್ತು. ಅಕ್ಕನಾದವಳು ತಂಗಿಯೆದುರು ಆ ಮಾತನ್ನು ಹೇಗೆ ಹೇಳುವುದು? ಬದಲಿಗೆ "ಕೆಲ್ಸ ಹೋಯ್ತಲ್ಲ, ಮನೆಗೆ ಬಾ. ಮಷೀನು ಖಾಲಿ ಇದೆ" ಎಂದುಬಿಟ್ಟಳು. ಗಾಯದ ಮೇಲೆ ಉಪ್ಪು ಸವರಿದಂತಾಯಿತು. ತಂಗಿ ಬಾಗಿಲಿನಿಂದಲೇ ತಿರುಗಿ ಹೊರಟುಹೋದಳು.

ಸುದ್ದಿ ತಂದವಳು ಬುಟ್ಟಿಯವಳೇ. ದೂರದ ದೊಡ್ಡ ಊರಿನಲ್ಲಿ ಆ ಸಭೆಯವರದೇ ಒಂದು ಹೊಲಿಗೆ ಶಾಲೆ ಇದೆಯಂತೆ, ತಂಗಿಯನ್ನು ಕಲಿಸಲು ಅಲ್ಲಿಗೆ ಕರೆದಿದ್ದಾರಂತೆ, ಬರುವ ಸೋಮವಾರ ಹೊರಡುತ್ತಾಳಂತೆ. ಕತ್ತರಿಯಕ್ಕ ಹಿಡಿದಿದ್ದ ಟೇಪನ್ನು ಅಲ್ಲೇ ಬಿಟ್ಟು ಎದ್ದಳು. ತಂಗಿ ಹಿಂದಿನ ಬೀದಿಯಲ್ಲಿರುವುದೇ ದೂರವೆಂದು ಇಷ್ಟು ದಿನ ಕರುಬಿದವಳಿಗೆ, ಹಿಂದಿನ ಬೀದಿ ಎಷ್ಟು ಹತ್ತಿರವಿತ್ತೆಂದು ಆಗ ತಿಳಿಯಿತು. ರೂಮಿಗೆ ಓಡಿದಳು. ಬಾಗಿಲು ತೆರೆಯಲಿಲ್ಲ. ಮರುದಿನವೂ ಹೋದಳು, ಆಗಲೂ ತೆರೆಯಲಿಲ್ಲ.

ಟಿವಿಯಲ್ಲಿ ಹೇಳಿದ್ದನ್ನು ಟಿವಿಯಲ್ಲೇ ತಿದ್ದಿದರೆ ಆದೀತೆಂದು ಕಾದಳು. ಅದಕ್ಕೆ ತಕ್ಕಂತೆ ಇನ್ನೊಂದು ಚಾನೆಲ್ಲಿನವಳು ಬಂದಳು, ಮೊದಲಿನವರಿಗೂ ಇವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

"ಅಮ್ಮಾ, ಆ ಮಾತನ್ನ ನಿಮ್ಮ ಬಾಯಿಂದ ಯಾರು ಹೇಳಿಸಿದ್ರು? ಹೆದರಿಸಿದ್ರಾ?"

"ಯಾರೂ ಹೆದರಿಸಿಲ್ಲ. ನಾನೇ ಹೇಳಿದ್ದು. ಹೊಟ್ಟೆಕಿಚ್ಚಿಗೆ ಹೇಳಿದ್ದು."

"ಅಂದ್ರೆ... ನಿಮ್ಮ ಮೇಲೆ ಒತ್ತಡ ಇತ್ತು."

"ಒತ್ತಡ ಅಲ್ಲಮ್ಮ ತಾಯಿ, ಹೊಟ್ಟೆಕಿಚ್ಚು! ನನ್ನ ತಂಗಿ ಅವಳ ಮಡಿಲಲ್ಲಿ ಅತ್ಳು, ನನ್ನ ಮಡಿಲಲ್ಲಿ ಅಳ್ಲಿಲ್ಲ, ಅದಕ್ಕೆ!"

"ಅದು ಸುದ್ದಿ ಆಗಲ್ಲಮ್ಮ" ಎಂದಳು ಅವಳು, ಬೇಸರದಿಂದಲೇ. ಅಂದು ಸಂಜೆ ಆ ಚಾನೆಲ್ಲಿನಲ್ಲಿ ಕತ್ತರಿಯಕ್ಕ ಬಾಯಿ ಬಡಿದುಕೊಳ್ಳುತ್ತಿದ್ದಳು, ದನಿ ಮಾತ್ರ ಇರಲಿಲ್ಲ. ಒತ್ತಡಕ್ಕೆ ಸಿಕ್ಕಿ ನಲುಗಿದ ಬಡ ಟೇಲರಮ್ಮ ಎಂದು ಬೇರೆ ಯಾರದೋ ದನಿ ಹೇಳುತ್ತಿತ್ತು.

ಉಳಿದದ್ದು ಒಂದೇ ದಾರಿ. ಪ್ರಾರ್ಥನೆಯ ದಿನ ಅಲ್ಲಿ ಸಾಕ್ಷಿ ಹೇಳುವ ಹೊತ್ತೊಂದು ಇರುತ್ತದೆ, ಯಾರು ಬೇಕಾದರೂ ಎದ್ದು ತಮ್ಮ ಬದುಕಿನ ಮಾತು ಹೇಳಬಹುದು, ಎದ್ದವರನ್ನು ಯಾರೂ ತಡೆಯುವಂತಿಲ್ಲ ಎಂದು ತಂಗಿ ಹಿಂದೊಮ್ಮೆ ಹೇಳಿದ್ದಳು. ತಡೆಯದೆ ಕೇಳುವ ಜಾಗ ಜಗತ್ತಿನಲ್ಲಿ ಅದೊಂದೇ ಉಳಿದಿದೆ ಎಂದು ಕತ್ತರಿಯಕ್ಕನಿಗೆ ಅನಿಸಿತು. ಭಾನುವಾರ ಬೆಳಿಗ್ಗೆ ಹೋದಳು. ಬೀಗ ಬಿದ್ದಿದ್ದರಿಂದ ಬೋಧಕರ ಮನೆಯ ನಡುಮನೆಯಲ್ಲೇ ಚಾಪೆ ಹಾಸಿ ಕೂತಿದ್ದರು. ತಂಗಿ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ದೊಡ್ಡಕ್ಕ. ಕತ್ತರಿಯಕ್ಕ ಚಪ್ಪಲಿಗಳ ಹತ್ತಿರ ಕೂತಳು. ಹಾಡು ಮುಗಿದು, "ಯಾರಾದರೂ ಸಾಕ್ಷಿ ಹೇಳುವವರಿದ್ದರೆ" ಎಂದು ಬೋಧಕರು ಅನ್ನುವಷ್ಟರಲ್ಲಿ ಎದ್ದು ನಿಂತಳು.

"ನಾನು ಸುಳ್ಳು ಹೇಳ್ದೆ," ಎಂದಳು. "ಮಷೀನಿಗೋಸ್ಕರ ಹೋದ್ಳು ಅಂದೆ. ಹಾಗಲ್ಲ. ಅವಳು ಅಳೋಕೆ ಬಂದ್ಳು. ನಾನು ಅವಳನ್ನ ಅಳೋಕೆ ಬಿಡ್ಲಿಲ್ಲ, ಅತ್ರೆ ನಾನೂ ಅತ್ತುಬಿಡ್ತೀನಿ ಅಂತ ಭಯ ಇತ್ತು. ಇವರು ಬಿಟ್ರು. ಅದನ್ನ ನೋಡಿ ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಈ ದೊಡ್ಡಕ್ಕನ್ನ ಕಂಡ್ರೆ ಮೈಯೆಲ್ಲ ಉರಿಯುತ್ತೆ, ಈಗ್ಲೂ ಉರೀತಿದೆ, ಸುಳ್ಳು ಯಾಕೆ ಹೇಳ್ಲಿ. ನನ್ನಿಂದ ಪಾಪ ಆಯ್ತು. ನನ್ನ ತಂಗಿ ಊರು ಬಿಟ್ಟು ಹೋಗೋದು ಬೇಡ. ಇಲ್ಲೇ ಇರ್ಲಿ. ನಮ್ಮನೇಲೇ ಇರ್ಬೇಕು ಅಂತಿಲ್ಲ, ಹಿಂದಿನ ಬೀದೀಲೇ ಇರ್ಲಿ."

ಅವಳು ಹೇಳಿದ್ದು ತಂಗಿಗೆ. ಆದರೆ ಪಾಪ ಎಂಬ ಮಾತು ಬಾಯಿಂದ ಬೀಳುತ್ತಿದ್ದಂತೆ ಸುತ್ತಲಿನವರು "ಸ್ತೋತ್ರ! ಸ್ತೋತ್ರ!" ಎಂದು ಕೈಯೆತ್ತಿದರು. ಆ ಮನೆಯಲ್ಲಿ ಹಾಗೆ ಎದ್ದು ನಿಂತು ಪಾಪ ಒಪ್ಪಿಕೊಂಡವರೆಂದರೆ ತಮ್ಮವರಾದಂತೆ. ಹೆಂಗಸರು ಬಂದು ಅವಳನ್ನು ತಬ್ಬಿದರು, ತಲೆಯ ಮೇಲೆ ಕೈಯಿಟ್ಟರು. "ನಾನು ಸೇರೋಕೆ ಬಂದಿಲ್ಲ, ತಂಗೀನ ಉಳಿಸ್ಕೊಳ್ಳೋಕೆ ಬಂದಿದ್ದು" ಎಂದು ಅವಳು ಕೊಸರಾಡುತ್ತಿದ್ದರೆ, ಬೋಧಕರ ಫೋನು ಅದನ್ನೆಲ್ಲ ಹಿಡಿಯುತ್ತಿತ್ತು. ವಿರೋಧಿಸುತ್ತಿದ್ದ ಅಕ್ಕನೂ ಬೆಳಕಿಗೆ ಬಂದಳು ಎಂಬ ಸಮಾಚಾರದೊಂದಿಗೆ ಆ ದೃಶ್ಯ ಅಂದೇ ಹೊರದೇಶಕ್ಕೆ ಹೋಯಿತು. ಒಂದೇ ತಾನಿನಲ್ಲಿ ಮೂವರು ಮೂರು ಅಂಗಿ ಕತ್ತರಿಸಿದ್ದರು, ಒಂದೂ ಅವಳ ಮೈಗೆ ಆಗುವಂಥದ್ದಲ್ಲ.

ಕೇಳಬೇಕಾದವಳು ಮಾತ್ರ ಕೇಳಿಸಿಕೊಂಡಿದ್ದಳು. ಗದ್ದಲ ಕರಗಿದ ಮೇಲೆ ತಂಗಿ ಅಂಗಳಕ್ಕೆ ಬಂದು ಅವಳ ಕೈ ಹಿಡಿದಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು.

"ಹಾಗಾದ್ರೆ ಹೋಗಲ್ಲ ತಾನೆ?"

"ಹೋಗ್ತೀನಿ ಅಕ್ಕ. ನಿನ್ನ ಮೇಲೆ ಕೋಪ ಇಲ್ಲ, ನಿಜ ಇಲ್ಲ. ಆದ್ರೆ ಇಲ್ಲಿ ಸೋಪು ತರೋಕೆ ಹೋದ್ರೂ 'ಮಷೀನು ಬಂತು' ಅಂತಾರೆ. ಮಕ್ಕಳೂ ಅಂತಾವೆ. ಅದನ್ನ ನೀನಾಗ್ಲಿ ನಾನಾಗ್ಲಿ ಅಳಿಸೋಕಾಗಲ್ಲ."

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬಂದೀತೆ? ಕತ್ತರಿಯಕ್ಕ ಮನೆಗೆ ಬಂದು, ತಂಗಿಗೆಂದು ಎರಡು ರವಿಕೆ ಕತ್ತರಿಸಿ, ತಾನೇ ಹೊಲಿಯಲು ಕೂತಳು. ಅಂದು ಮೊದಲ ಸಲ ಒಂದು ಬೆರಳು ಬಟ್ಟೆ ಬಿಟ್ಟಿದ್ದಳು.

ಸೋಮವಾರ ಬಸ್ ನಿಲ್ದಾಣಕ್ಕೆ ಹೋದರೆ ದೊಡ್ಡಕ್ಕ ಅಲ್ಲಿ ಮೊದಲೇ ಹಾಜರು. ಅವಳೂ ಜೊತೆಗೆ ಹೊರಟಿದ್ದಾಳೆಂದುಕೊಂಡು ಕತ್ತರಿಯಕ್ಕನಿಗೆ ಮತ್ತೆ ಭಗ್ ಎಂದಿತು. ಹಾಗೇನೂ ಇರಲಿಲ್ಲ, ಕಳಿಸಲು ಬಂದಿದ್ದಳು. ಇಬ್ಬರೂ ನೀರಿನ ಬಾಟಲಿ ತಂದಿದ್ದರು, ಇಬ್ಬರೂ ಬುತ್ತಿ ಕಟ್ಟಿ ತಂದಿದ್ದರು, ಇಬ್ಬರೂ ಒಂದೇ ಕಿಟಕಿಯಲ್ಲಿ ಕೈ ತೂರಿಸಿದರು. ತಂಗಿ ಎರಡನ್ನೂ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಮುಂದೇನು ಮಾಡಬೇಕೆಂದು ತೋಚದೆ ಇಬ್ಬರೂ ಅಲ್ಲಿದ್ದ ಕಲ್ಲುಬೆಂಚಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

"ನಿಮ್ಮನ್ನ ಕಂಡ್ರೆ ನನಗೂ ಆಗ್ತಿರ್ಲಿಲ್ಲ," ಎಂದಳು ದೊಡ್ಡಕ್ಕ, ಕನ್ನಡಕ ತೆಗೆದು ಒರೆಸುತ್ತ.

ಕತ್ತರಿಯಕ್ಕ ತಿರುಗಿ ನೋಡಿದಳು.

"ನನಗೆ ಮಕ್ಕಳಿಲ್ಲ. ಇವಳು ಮಡಿಲಲ್ಲಿ ತಲೆ ಇಟ್ಟ ದಿನ ನನಗೇ ಒಬ್ಬಳು ಮಗಳು ಸಿಕ್ಕಿದ್ಳು ಅಂದ್ಕೊಂಡೆ. ಆದ್ರೆ ಬಾಯಿ ಬಿಟ್ರೆ ನಮ್ಮಕ್ಕ ಹೀಗಂತಾಳೆ, ನಮ್ಮಕ್ಕ ಹಾಗಂತಾಳೆ. ನಾವು ನಗ್ತಿದ್ದಿದ್ದೂ ನಿಮ್ಮ ಮಾತಿಗೇ. ಏನಾದ್ರೂ ಬೇಡ್ಕೋ ಅಂದ್ರೆ ದಿನಾ ಒಂದೇ ಬೇಡಿಕೆ, ಅಕ್ಕನ ಸೊಂಟನೋವು ವಾಸಿಯಾಗ್ಲಿ ಅಂತ. ಆಮೇಲೆ ಮಷೀನು ಬಂದಾಗ..." ಅವಳು ಕನ್ನಡಕ ಹಾಕಿಕೊಂಡಳು. "ಮಷೀನು ಬಂದಾಗ ಅವಳು ಕೇಳಿದ್ದು ಒಂದೇ. ಇದನ್ನ ನಮ್ಮಂಗಡಿಗೆ ತಗೊಂಡು ಹೋಗ್ಲಾ ದೊಡ್ಡಕ್ಕ, ಅಕ್ಕನ ಎದುರಿಗೇ ಕೂತು ಹೊಲೀತೀನಿ ಅಂತ. ನಾನು ಆಗಲ್ಲ ಅಂದೆ. ಕೊಟ್ಟೋರು ನಿಯಮ ಮಾಡಿದ್ದಾರೆ, ಮಷೀನು ಇಲ್ಲೇ ಇರ್ಬೇಕು ಅಂದೆ. ಅಂಥ ನಿಯಮ ಯಾವುದೂ ಇರ್ಲಿಲ್ಲ."

ಕತ್ತರಿಯಕ್ಕನಿಗೆ ಅವಳ ಜುಟ್ಟು ಹಿಡಿದು ಬೀದಿಯಲ್ಲಿ ಎಳೆದಾಡಬೇಕೆನಿಸಿತು. ನಾಲಗೆಯ ತುದಿಗೆ ಬಂದ ಬೈಗುಳಗಳನ್ನು ಬರೆದಿದ್ದರೆ ಒಂದು ಪುಸ್ತಕವಾಗುತ್ತಿತ್ತು. ಆದರೆ ಆ ಜಾಗದಲ್ಲಿ ತಾನಿದ್ದರೆ ತಾನೂ ಅಂಥದೇ ಒಂದು ನಿಯಮ ಹುಟ್ಟಿಸುತ್ತಿದ್ದೆ, ಎರಡು ಹುಟ್ಟಿಸುತ್ತಿದ್ದೆ, ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾರೂ ಕಿತ್ತುಕೊಳ್ಳದಿದ್ದ ತಂಗಿಯನ್ನು ಇಬ್ಬರೂ ಸೇರಿ, ಆ ಕಡೆಯಿಂದ ಒಬ್ಬಳು ಈ ಕಡೆಯಿಂದ ಒಬ್ಬಳು ಎಳೆದು, ಬಸ್ಸು ಹತ್ತಿಸಿ ಕಳಿಸಿದ್ದರು. ಅವಳಿಗೆ ಅಳು ಬಂತು. ತಡೆಯಲಿಲ್ಲ. ದೊಡ್ಡಕ್ಕ ಬೆನ್ನ ಮೇಲೆ ಕೈಯಿಡಲು ಬಂದಾಗ ಮಾತ್ರ, "ಬೇಡ, ಅದೊಂದು ಮಾಡ್ಬೇಡಿ" ಎಂದು ಸರಿದು ಕೂತಳು.

ದೊಡ್ಡಕ್ಕ ಚೀಲದಿಂದ ಫೋನು ತೆಗೆದು ಕೇಳಿದಳು. "ತಲುಪಿದ ಮೇಲೆ ಫೋನ್ ಮಾಡ್ತೀನಿ ಅಂದ್ಳು. ಯಾರಿಗೆ ಅಂತ ಹೇಳಿದ್ಳಾ?"

"ಇಲ್ಲ" ಎಂದಳು ಕತ್ತರಿಯಕ್ಕ.

ಬಸ್ಸು ಆ ಊರು ಮುಟ್ಟುವುದು ಸಂಜೆಗೆ. ಇಬ್ಬರೂ ತಮ್ಮ ತಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು, ಒಬ್ಬರ ಫೋನನ್ನು ಇನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತ, ಅಲ್ಲೇ ಕೂತರು.